ಲಾರಿಯ ಲೆಕ್ಕ ಕಾರಿಗೆ ಬೇಡ: ಹಿಂದಿನ ಟಯರ್ ಬಗ್ಗೆ ನಮ್ಮವರಲ್ಲಿ ಒಂದು ಮಾತು

ಸ್ಟೇರಿಂಗ್ ಹಿಡಿದವರು ಒಬ್ಬರೂ ಇಲ್ಲದ ಬ್ಯಾರಿ ಮನೆ ಹುಡುಕುವುದು ಕಷ್ಟ. ಒಬ್ಬ ಲಾರಿಯಲ್ಲಿ, ಒಬ್ಬ ಮೀನಿನ ಪಿಕಪ್‌ನಲ್ಲಿ, ಒಬ್ಬ ರಿಕ್ಷಾದಲ್ಲಿ, ಇನ್ನೊಬ್ಬ ಸೌದಿಯಲ್ಲಿ ಟ್ರೈಲರ್ ಓಡಿಸುತ್ತಾ ಇರುತ್ತಾನೆ. ಹಾಗಾಗಿ ಟಯರ್ ವಿಷಯದಲ್ಲಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯ ನಮಗಿದೆ. ಆ ಧೈರ್ಯದಲ್ಲಿ ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಂದಿರುವ ಒಂದು ಮಾತು ಇದೆ: ಹೊಸ ಟಯರ್ ಮುಂದಕ್ಕೆ, ಹಳೆಯದು ಹಿಂದಕ್ಕೆ. ಲಾರಿಗೆ ಈ ಮಾತು ಸರಿ. ಮನೆಯ ಕಾರಿಗೆ ಇದು ತಪ್ಪು, ಮಳೆಗಾಲದಲ್ಲಿ ಜೀವಕ್ಕೇ ಅಪಾಯ. ಇದನ್ನು ಅಂಗಡಿಯಲ್ಲಿ ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊಸೂರಿನಲ್ಲಿ ಹೆದ್ದಾರಿ ಬದಿಯಲ್ಲಿ ಟಯರ್ ಅಂಗಡಿ ಇಟ್ಟು 18 ವರ್ಷ ಆಯಿತು. ಊರು ದಕ್ಷಿಣ ಕನ್ನಡವೇ. ಇಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತದೆ. ತಮಿಳರು ನನ್ನನ್ನು 'ಬಾಯ್' ಎನ್ನುತ್ತಾರೆ, ಮಂಗಳೂರು ಕಡೆಯ ಡ್ರೈವರ್‌ಗಳು 'ಕಾಕ' ಎನ್ನುತ್ತಾರೆ. ಬೆಂಗಳೂರಿನಿಂದ ಅತ್ತಿಬೆಲೆ ದಾಟಿ ಬರುವ 44ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಶೂಳಗಿರಿ ಮೂಲಕ ಕೃಷ್ಣಗಿರಿಗೆ ಇಳಿಯುತ್ತದೆ; ಅಲ್ಲಿ ಒಂದು ದಾರಿ ಚೆನ್ನೈಗೆ, ಇನ್ನೊಂದು ಸೇಲಂಗೆ ಒಡೆಯುತ್ತದೆ. ಟಿವಿಎಸ್ 50 ಮೊಪೆಡ್ 1980ರಲ್ಲಿ ಹುಟ್ಟಿದ್ದು ಈ ಹೊಸೂರಿನಲ್ಲೇ. ಅಶೋಕ್ ಲೇಲ್ಯಾಂಡ್ ಲಾರಿ ಇಲ್ಲಿ ತಯಾರಾಗುತ್ತದೆ, ಏಥರ್ ಎಲೆಕ್ಟ್ರಿಕ್ ಸ್ಕೂಟರ್ ಇಲ್ಲಿ ತಯಾರಾಗುತ್ತದೆ, ಓಲಾದ ಸ್ಕೂಟರ್ ಫ್ಯಾಕ್ಟರಿ ಇದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿದೆ. ಇಷ್ಟು ವಾಹನ ಹುಟ್ಟುವ ಜಾಗದಲ್ಲಿ ಕುಳಿತು ನಾನು ದಿನವಿಡೀ ನೋಡುವುದು ಬೋಳು ಟಯರ್‌ಗಳನ್ನು. ತಮಿಳಿನಲ್ಲಿ ಅದಕ್ಕೆ 'ಮೊಟ್ಟೈ ಟಯರ್' ಎನ್ನುತ್ತಾರೆ, ಮೊಟ್ಟೈ ಅಂದರೆ ಬೋಳುತಲೆ. ಆ ಬೋಳುತಲೆಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರದಲ್ಲೇ ಇರುತ್ತವೆ.

ಲಾರಿಯವರ ಮಾತು ಎಲ್ಲಿಂದ ಬಂತು ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಹಿರಿಯರಿಗೆ ನಾನು ಎದುರು ಮಾತಾಡಿದ ಹಾಗೆ ಆಗುತ್ತದೆ. ಆರು ಚಕ್ರದ ಲಾರಿಯಲ್ಲಿ ಮುಂದೆ ಇರುವುದು ಎರಡೇ ಟಯರ್. ಅದರಲ್ಲಿ ಒಂದು ಸಿಡಿದರೆ ಸ್ಟೇರಿಂಗ್ ಆ ಕಡೆಗೆ ಎಳೆದು ಲಾರಿ ಎದುರಿನ ದಾರಿಗೋ ಕಣಿವೆಗೋ ಹೋಗುತ್ತದೆ. ಹಿಂದೆ ನಾಲ್ಕು ಟಯರ್ ಜೋಡಿಯಾಗಿ ಇರುತ್ತವೆ. ಒಂದು ಸಿಡಿದರೂ ಪಕ್ಕದ್ದು ಭಾರ ಹೊತ್ತುಕೊಂಡು ಪಂಕ್ಚರ್ ಅಂಗಡಿ ತನಕ ತರುತ್ತದೆ. ಅದಕ್ಕೇ ಮುಂದೆ ಹೊಸದು, ಹಿಂದೆ ರಿಸೋಲ್. ಈ ಲೆಕ್ಕ ಹಾಕಿದವರು ದಡ್ಡರಲ್ಲ. ಲಾರಿಯಲ್ಲಿ ಅರ್ಧ ಆಯುಷ್ಯ ಕಳೆದ ನಮ್ಮ ಹಿರಿಯರು ಮಗ ಕಾರು ತೆಗೆದಾಗ ಅದೇ ಲೆಕ್ಕವನ್ನು ಕಾರಿಗೂ ಹಾಕಿದರು, ಅಷ್ಟೇ.

ಕಾರಿನಲ್ಲಿ ಹಿಂದೆ ಜೋಡಿ ಟಯರ್ ಇಲ್ಲ. ಒಟ್ಟು ನಾಲ್ಕು, ಪ್ರತಿಯೊಂದು ನೆಲಕ್ಕೆ ತಾಗುವ ಜಾಗ ನಿಮ್ಮ ಅಂಗೈಯಷ್ಟು. ಇಡೀ ಕುಟುಂಬ ಆ ನಾಲ್ಕು ಅಂಗೈ ಮೇಲೆ ಕುಳಿತು ಘಾಟಿ ಇಳಿಯುತ್ತದೆ. ಒದ್ದೆ ತಿರುವಿನಲ್ಲಿ ಮುಂದಿನ ಟಯರ್ ಹಿಡಿತ ಬಿಟ್ಟರೆ ಏನಾಗುತ್ತದೆ? ನೀವು ಸ್ಟೇರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ, ನೇರಕ್ಕೆ ಜಾರುತ್ತದೆ. ಹೆದರಿಕೆಯಲ್ಲಿ ನಿಮ್ಮ ಕಾಲು ತಾನಾಗಿ ಎಕ್ಸಲೇಟರ್ ಬಿಡುತ್ತದೆ, ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬರುತ್ತದೆ, ಹಿಡಿತ ಮತ್ತೆ ಸಿಗುತ್ತದೆ. ಅಂದರೆ ಹೆದರಿದ ಮನುಷ್ಯ ಸಹಜವಾಗಿ ಏನು ಮಾಡುತ್ತಾನೋ ಅದೇ ಅಲ್ಲಿ ಸರಿಯಾದ ಕೆಲಸ. ಹಿಂದಿನ ಟಯರ್ ಮೊದಲು ಬಿಟ್ಟರೆ ಕಥೆ ಉಲ್ಟಾ. ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಹೆದರಿ ಎಕ್ಸಲೇಟರ್ ಬಿಟ್ಟರೆ, ಬ್ರೇಕ್ ಒತ್ತಿದರೆ ಹಿಂದಿನ ಭಾರ ಇನ್ನೂ ಮುಂದಕ್ಕೆ ಹೋಗಿ ಹಿಂಭಾಗ ಇನ್ನಷ್ಟು ಹಗುರಾಗಿ ಕಾರು ಬುಗುರಿಯಂತೆ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಜಾರುವ ಕಡೆಗೇ ಸ್ಟೇರಿಂಗ್ ತಿರುಗಿಸಬೇಕು, ಅದೂ ಕ್ಷಣಾರ್ಧದಲ್ಲಿ. ರೇಸ್ ಓಡಿಸುವವರಿಗೆ ಬರಬಹುದು. ಹಿಂದಿನ ಸೀಟಿನಲ್ಲಿ ಉಮ್ಮ, ಮಡಿಲಲ್ಲಿ ಮಗು, ಡಿಕ್ಕಿಯಲ್ಲಿ ಬಿರಿಯಾನಿ ಪಾತ್ರೆ ಇಟ್ಟುಕೊಂಡು ಹೋಗುವ ನಿಮಗೆ, ನನಗೆ ಬರುವುದಿಲ್ಲ.

ಅದಕ್ಕೇ ಎರಡೇ ಟಯರ್ ಬದಲಿಸುವುದಾದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು, ಹಿಂದಿನ ಚೆನ್ನಾಗಿರುವ ಜೋಡಿ ಮುಂದಕ್ಕೆ ಬರಬೇಕು. ದೊಡ್ಡ ಟಯರ್ ಕಂಪನಿಗಳು ಹೇಳುವುದೂ ಇದನ್ನೇ.

ಆಗ ತಕ್ಷಣ ಬರುವ ಪ್ರಶ್ನೆ: "ಕಾಕ, ನನ್ನ ಸ್ವಿಫ್ಟ್ ಫ್ರಂಟ್ ವೀಲ್ ಡ್ರೈವ್. ಎಳೆಯುವುದು ಮುಂದಿನ ಚಕ್ರ, ಬ್ರೇಕ್ ಹೆಚ್ಚು ಹಿಡಿಯುವುದು ಮುಂದೆ, ತಿರುಗುವುದು ಮುಂದೆ. ಹಿಂದಿನದ್ದು ಸುಮ್ಮನೆ ಉರುಳಿಕೊಂಡು ಬರುತ್ತದೆ. ಅದಕ್ಕೆಂತ ಹೊಸ ಟಯರ್?" ಪ್ರಶ್ನೆ ಒಳ್ಳೆಯದೇ. ಮುಂದಿನ ಟಯರ್ ಬೇಗ ಸವೆಯುವುದು ನಿಜ, ಒದ್ದೆ ಏರಿನಲ್ಲಿ ಕಾರು ಎತ್ತುವಾಗ ಸುತ್ತುವುದು ಮುಂದಿನ ಚಕ್ರ ಎಂಬುದೂ ನಿಜ. ಆದರೆ ಮುಂದಿನ ಚಕ್ರ ಸುತ್ತಿದರೆ ನಿಮಗೆ ಗೊತ್ತಾಗುತ್ತದೆ: ಸದ್ದು ಕೇಳುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ಎಕ್ಸಲೇಟರ್ ಬಿಟ್ಟರೆ ಮುಗಿಯಿತು. ಹಿಂದಿನದ್ದು ಹೇಳದೆ ಕೇಳದೆ ಹೋಗುತ್ತದೆ. ಸಣ್ಣ ಕಾರಿನಲ್ಲಿ ಸುಮಾರು 60 ಪಾಲು ಭಾರ ಮುಂದಿರುತ್ತದೆ, ಇಂಜಿನ್ ಅಲ್ಲೇ ಇರುವುದರಿಂದ. ಹಿಂದೆ ಮೊದಲೇ ಭಾರ ಕಡಿಮೆ, ಅದರ ಮೇಲೆ ಸವೆದ ಟಯರ್ ಹಾಕಿದರೆ ನಿಂತ ನೀರಿನ ಮೇಲೆ ಅದು ದೋಣಿಯ ಹಾಗೆ ತೇಲುತ್ತದೆ. ಓಮ್ನಿ, ಈಕೋ, ಬೊಲೆರೊ, ಹಳೆಯ ಇನ್ನೋವಾ ಇದ್ದವರು ನನ್ನೊಂದಿಗೆ ವಾದಿಸುವುದೇ ಬೇಡ, ಅದರಲ್ಲಿ ದೂಡುವುದೂ ಹಿಂದಿನ ಚಕ್ರವೇ.

ಹಿಡಿತ ಎನ್ನುವುದು ಭಾರ ಮತ್ತು ನೆಲ ಎರಡೂ ಸೇರಿದ ಲೆಕ್ಕ. ಒಣ ಡಾಂಬರಿನಲ್ಲಿ ಒಂದು ಟಯರ್ ಮೇಲೆ 100 ಕೆ.ಜಿ. ಭಾರ ಇದ್ದರೆ ಅದು ಸುಮಾರು 70-80 ಕೆ.ಜಿ. ಬಲದ ತನಕ ಜಾರದೆ ತಡೆಯುತ್ತದೆ. ಒದ್ದೆಯಾದರೆ ಅದು 40-50ಕ್ಕೆ ಇಳಿಯಬಹುದು, ಕೆಸರಿನಲ್ಲಿ ಇನ್ನೂ ಕೆಳಗೆ. ಇಂಜಿನ್ ಅದಕ್ಕಿಂತ ಹೆಚ್ಚು ದೂಡಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಒಮ್ಮೆ ಸುತ್ತಲು ಶುರುವಾದರೆ ಹಿಡಿತ ಇನ್ನೂ ಕಡಿಮೆಯಾಗುತ್ತದೆ, ಯಾಕೆಂದರೆ ಜಾರುತ್ತಿರುವ ರಬ್ಬರಿಗೆ ಉರುಳುತ್ತಿರುವ ರಬ್ಬರಿನಷ್ಟು ಹಿಡಿತ ಇರುವುದಿಲ್ಲ. ನಮ್ಮವರಿಗೆ ಚಕ್ರ ಸುತ್ತಿದರೆ ಇನ್ನಷ್ಟು ಎಕ್ಸಲೇಟರ್ ಕೊಡುವ ಅಭ್ಯಾಸ. ಅದು ಹೊಂಡ ತೋಡಲು ಮಾತ್ರ ಒಳ್ಳೆಯದು. ಎಕ್ಸಲೇಟರ್ ಬಿಡಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಮೆಲ್ಲನೆ ಬಿಡುತ್ತಾ ಎತ್ತಿ. ಅದಕ್ಕೂ ಬಾರದಿದ್ದರೆ ಟಯರಿನ ಅಡಿಗೆ ಗೋಣಿಯೋ, ಜಲ್ಲಿಯೋ, ತೆಂಗಿನ ಮಡಲೋ ಕೊಡಿ. ಮಡಲಿನ ಉಪಾಯ ನಮ್ಮ ಕರಾವಳಿಯದ್ದು, ಇಲ್ಲಿಯ ಮಾವಿನ ತೋಟದವರು ಮೊದಲು ನಕ್ಕರು, ಈಗ ಅವರೂ ಮಾಡುತ್ತಾರೆ.

ಕೆಸರಿನಲ್ಲಿ ಒಂದೇ ಚಕ್ರ ಸುತ್ತುತ್ತಾ ಪಕ್ಕದ್ದು ಸುಮ್ಮನೆ ನಿಂತಿರುವುದನ್ನು ನೀವು ನೋಡಿರಬಹುದು. ಅದು ಡಿಫರೆನ್ಶಿಯಲ್ ಮಾಡುವ ಕೆಲಸ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಉರುಳಲಿ ಎಂದು ಅದನ್ನು ಇಟ್ಟಿದ್ದಾರೆ. ಆದರೆ ಒಂದು ಚಕ್ರಕ್ಕೆ ಹಿಡಿತ ಇಲ್ಲದಾಗ ಇಂಜಿನ್ ಬಲ ಅದರ ಮೂಲಕವೇ ಪೋಲಾಗುತ್ತದೆ. ಇಲ್ಲಿ ಒಂದು ಅಪಾಯ ಇದೆ, ಯಾರೂ ಹೇಳುವುದಿಲ್ಲ. ಒಂದು ಚಕ್ರ ನಿಂತು ಇನ್ನೊಂದು ಸುತ್ತುವಾಗ ಮೀಟರಿನಲ್ಲಿ 40 ತೋರಿಸಿದರೆ ಆ ಚಕ್ರ ನಿಜವಾಗಿ ಸುತ್ತುವುದು 80ರ ವೇಗದಲ್ಲಿ. ಹಾಗೆ ಬಿಡದೆ ಸುತ್ತಿಸಿದರೆ ಟಯರ್ ಸಿಡಿಯಬಹುದು, ಕಲ್ಲು ಗುಂಡಿನಂತೆ ಹಾರುತ್ತದೆ. ಪೆರ್ನಾಲ್ ದಿನ ಸಂಜೆ ಬೀಚಿನ ಹೊಯ್ಗೆಯಲ್ಲಿ ಕಾರು ಹೂತುಹೋದಾಗ ಹಿಂದಿನಿಂದ ದೂಡಲು ನಿಲ್ಲುವ ಮಕ್ಕಳನ್ನು ಮೊದಲು ಬದಿಗೆ ಕಳಿಸಿ. ಹೊಯ್ಗೆಯಲ್ಲಿ ಗಾಳಿ ಅರ್ಧಕ್ಕೆ ಇಳಿಸಿದರೆ ಟಯರ್ ಅಗಲವಾಗಿ ನೆಲ ಹಿಡಿದು ಕಾರು ತಾನೇ ಎದ್ದು ಬರುತ್ತದೆ. ಡಾಂಬರಿಗೆ ಬಂದ ಮೇಲೆ ಮರೆಯದೆ ಗಾಳಿ ತುಂಬಿಸಿ.

ಇನ್ನು ಮೀನಿನ ಪಿಕಪ್ ವಿಷಯ. ಇದು ನಮ್ಮವರ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಮಂಗಳೂರು ಧಕ್ಕೆಯಿಂದ ಸಂಜೆ ಹೊರಟರೆ ಸುಮಾರು 400 ಕಿ.ಮೀ. ಓಡಿ ಬೆಳಗಾಗುವ ಮೊದಲು ಹೊಸೂರು. ಬರುವಾಗ ಮೀನು, ಐಸ್, ಬಾಕ್ಸ್ ಸೇರಿ ಹಿಂದಿನ ಆಕ್ಸೆಲ್ ಮೇಲೆ ಭಾರ ಕುಳಿತಿರುತ್ತದೆ. ಶಿರಾಡಿ ಏರುವಾಗ ಚಕ್ರ ನೆಲವನ್ನು ಕಚ್ಚಿ ಹಿಡಿಯುತ್ತದೆ, ಯಾಕೆಂದರೆ ಏರಿನಲ್ಲಿ ಭಾರ ಇನ್ನೂ ಹಿಂದಕ್ಕೆ ಬರುತ್ತದೆ. ಡ್ರೈವರ್‌ಗೆ ಗಾಡಿ ಮೇಲೆ ನಂಬಿಕೆ ಬರುತ್ತದೆ. ಹೊಸೂರಿನಲ್ಲಿ ಮೀನು ಇಳಿಸಿ ಹಿಂದೆ ಹೋಗುವಾಗ ಅದು ಬೇರೆಯೇ ಗಾಡಿ. ಹಿಂದೆ ಖಾಲಿ ಬಾಕ್ಸ್, ಅಡಿಯಲ್ಲಿ ಲೋಡಿಗೆಂದು ಹಾಕಿದ ಗಟ್ಟಿ ಪಟ್ಟಿ ಸ್ಪ್ರಿಂಗ್, ಟಯರಿನಲ್ಲಿ ಲೋಡಿಗೆಂದು ತುಂಬಿದ ಗಾಳಿ. ಸಣ್ಣ ಹೊಂಡಕ್ಕೂ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಇರುವ ಸ್ವಲ್ಪ ಭಾರವೂ ಮುಂದಕ್ಕೆ ಹೋಗುತ್ತದೆ. ಆಗ ಮಳೆ, ರಾತ್ರಿಯ ನಿದ್ದೆಯಿಲ್ಲ, ಹಿಂದೆ ರಿಸೋಲ್ ಟಯರ್. ಡ್ರೈವರ್ ವೇಗ ಇಳಿಸಲು ಮೂರರಿಂದ ಎರಡನೇ ಗೇರಿಗೆ ಹಾಕಿ ಕ್ಲಚ್ ಪಟಕ್ಕನೆ ಬಿಟ್ಟರೆ ಸಾಕು, ಬ್ರೇಕ್ ಮುಟ್ಟದೆಯೇ ಹಿಂದಿನ ಚಕ್ರ ಜಾಮ್ ಆದ ಹಾಗೆ ಆಗಿ ಗಾಡಿ ಅಡ್ಡ ತಿರುಗುತ್ತದೆ. ಲೋಡ್ ಗಾಡಿಯೇ ಅಪಾಯ, ಖಾಲಿ ಗಾಡಿ ಸುಲಭ ಎಂದು ನಾವು ತಿಳಿದಿದ್ದೇವೆ. ಬ್ರೇಕಿಗೆ, ಟಯರ್ ಬಿಸಿಗೆ ಲೋಡ್ ಅಪಾಯ, ಒಪ್ಪುತ್ತೇನೆ. ಒದ್ದೆ ಇಳಿಜಾರಿನ ಹಿಡಿತಕ್ಕೆ ಖಾಲಿ ಪಿಕಪ್ ಅದಕ್ಕಿಂತ ಅಪಾಯ. ಖಾಲಿ ಬರುವಾಗ ಗಾಡಿ ಕಂಪನಿ ಹೇಳಿದ ಖಾಲಿ ಗಾಡಿಯ ಲೆಕ್ಕಕ್ಕೆ ಗಾಳಿ ಇಳಿಸಿ, ಗೇರ್ ಇಳಿಸುವುದನ್ನು ತಿರುವಿಗೆ ಮೊದಲೇ ಮುಗಿಸಿ, ಕ್ಲಚ್ ಮೆಲ್ಲನೆ ಬಿಡಿ. ಹೊಸೂರಿನಿಂದ ಏನಾದರೂ ರಿಟರ್ನ್ ಲೋಡ್, ಟೊಮೆಟೊವೋ ತರಕಾರಿಯೋ ಸಿಕ್ಕಿದರೆ ಬಾಡಿಗೆ ಕಡಿಮೆಯಾದರೂ ಹಾಕಿಕೊಂಡು ಹೋಗಿ ಎಂದು ನಾನು ಹುಡುಗರಿಗೆ ಹೇಳುವುದು ದುಡ್ಡಿಗಾಗಿ ಮಾತ್ರ ಅಲ್ಲ.

ಇದೇ ಪಿಕಪ್‌ಗಳು ದಾರಿಯಲ್ಲಿ ಸುರಿಸಿಕೊಂಡು ಹೋಗುವ ಮೀನಿನ ನೀರಿನ ಬಗ್ಗೆಯೂ ಹೇಳಬೇಕು. ಐಸ್ ಕರಗಿದ ನೀರಿನಲ್ಲಿ ಮೀನಿನ ಎಣ್ಣೆ, ಲೋಳೆ ಎಲ್ಲಾ ಇರುತ್ತದೆ. ತಿರುವಿನಲ್ಲಿ, ಹಂಪಿನಲ್ಲಿ ಅದು ತುಳುಕುತ್ತದೆ, ಹಿಂದೆ ಬರುವ ಬೈಕಿನವನು ಜಾರಿ ಬೀಳುತ್ತಾನೆ. ಕರಾವಳಿಯ ಹೆದ್ದಾರಿಯಲ್ಲಿ ಈ ದೂರು ಹಳೆಯದು. ಬೀಳುವವನು ಯಾರ ಮನೆಯ ಮಗ ಎಂದು ನೀರಿಗೆ ಗೊತ್ತಿಲ್ಲ. ಗಾಡಿಯ ಅಡಿಯಲ್ಲಿ ನೀರು ಹಿಡಿಯುವ ಟ್ಯಾಂಕ್ ಇಟ್ಟು, ಖಾಲಿ ಮಾಡುವ ಜಾಗದಲ್ಲಿ ಮಾತ್ರ ಖಾಲಿ ಮಾಡುವುದು ದೊಡ್ಡ ಖರ್ಚಲ್ಲ. ಇದನ್ನು ಪೊಲೀಸರು ಬಂದು ಹೇಳುವ ತನಕ ನಾವು ಕಾಯಬಾರದು.

ಮಳೆ ವಿಷಯದಲ್ಲಿ ಘಟ್ಟದ ಮೇಲೆ ಬಂದ ನಮ್ಮವರಿಗೆ ಇನ್ನೊಂದು ಮೋಸ ಕಾದಿರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗಿಂತ ಹೆಚ್ಚು ಮಳೆ. ಹೊಸೂರು, ಕೃಷ್ಣಗಿರಿಯಲ್ಲಿ ಅದರ ಕಾಲು ಭಾಗದಷ್ಟು. "ಇದೆಂತ ಮಳೆ, ನಮ್ಮ ಊರಿನದ್ದು ನೋಡಬೇಕು ನೀವು" ಎಂದು ನಮ್ಮ ಹುಡುಗರು ಇಲ್ಲಿ ನಗುತ್ತಾರೆ. ಆದರೆ ಊರಿನಲ್ಲಿ ಜೂನ್ ಮೊದಲ ವಾರದ ಮಳೆ ರಸ್ತೆಯನ್ನು ಉಜ್ಜಿ ತೊಳೆದುಬಿಡುತ್ತದೆ, ಮತ್ತೆ ನಾಲ್ಕು ತಿಂಗಳು ನೀರು ಮಾತ್ರ. ಇಲ್ಲಿ ಒಂದು ಮಳೆ ಬಂದು ವಾರಗಟ್ಟಲೆ ಒಣಗುತ್ತದೆ. ಆ ದಿನಗಳಲ್ಲಿ ಲಾರಿಗಳ ಎಣ್ಣೆ, ಸವೆದ ಟಯರಿನ ಪುಡಿ, ಗ್ರಾನೈಟ್ ಕ್ವಾರಿಗಳ ಧೂಳು, ಎಂ-ಸ್ಯಾಂಡ್ ಎಲ್ಲಾ ರಸ್ತೆಯ ಮೇಲೆ ಕೂಡುತ್ತದೆ. ಸಣ್ಣ ಹನಿ ಬಿದ್ದಾಗ ಅದು ಸಾಬೂನಿನ ಹಾಗೆ ಆಗುತ್ತದೆ. ಜೋರು ಮಳೆಗಿಂತ ಆ ಮೊದಲ ಅರ್ಧ ಗಂಟೆಯ ತುಂತುರು ಹೆಚ್ಚು ಅಪಾಯ. ಇಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಊರಿನ ಕ್ಯಾಲೆಂಡರ್ ನೋಡಿ 'ಮಳೆಗಾಲ ಮುಗಿಯಿತು, ಟಯರ್ ಮುಂದಿನ ವರ್ಷ ನೋಡುವ' ಎನ್ನುವವರು ಇದನ್ನು ನೆನಪಿಡಬೇಕು. ಕಾರಿನ ಹೊಸ ಟಯರಿನಲ್ಲಿ ಗೆರೆಯ ಆಳ 7-8 ಮಿ.ಮೀ. ಇರುತ್ತದೆ. ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆ ಆಗಬಾರದು, ಗೆರೆಯ ಒಳಗೆ ಅದಕ್ಕೆಂದೇ ಸಣ್ಣ ಅಡ್ಡಪಟ್ಟಿ ಇರುತ್ತದೆ, ರಬ್ಬರ್ ಅದರ ಸಮಕ್ಕೆ ಬಂದರೆ ಟಯರ್ ಮುಗಿಯಿತು. ಆದರೆ ನೀರು ಹೊರಹಾಕುವ ಶಕ್ತಿ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಘಾಟಿ ಹತ್ತಿ ಇಳಿಯುವವರು 3 ಮಿ.ಮೀ.ಗೆ ಬದಲಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಟಯರ್ ಮಾರುವವನು ಹಾಗೆ ಹೇಳದೆ ಇರುತ್ತಾನಾ ಎಂದು ನೀವು ನಗಬಹುದು, ನಗಿ.

ಗೆರೆ ಆಳ ಇದ್ದರೆ ಸಾಲದು ಎನ್ನುವುದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ: ಗಲ್ಫಿನವರ ಕಾರು. ಮನುಷ್ಯ ಅಲ್ಲಿ, ಕಾರು ಇಲ್ಲಿ ಪೋರ್ಟಿಕೋದಲ್ಲಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಾರೆ. ರಜೆಗೆ ಬಂದಾಗ 40 ದಿನದಲ್ಲಿ ಊಟಿ, ಏರ್ವಾಡಿ, ಬೆಂಗಳೂರಿನ ತಂಗಿ ಮನೆ ಎಲ್ಲಾ ಮುಗಿಯಬೇಕು. ಟಯರ್ ನೋಡಿದರೆ ಹೊಸದರ ಹಾಗೆ. ಅದರ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, ಉದಾಹರಣೆಗೆ 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ, ಗಟ್ಟಿಯಾಗುತ್ತದೆ, ಸಣ್ಣ ಬಿರುಕು ಬರುತ್ತದೆ. ಗಟ್ಟಿ ರಬ್ಬರ್ ರಸ್ತೆಯ ಒರಟಿಗೆ ಒಳಗಿಳಿಯುವುದಿಲ್ಲ, ಮೇಲೆ ಮೇಲೆ ಜಾರುತ್ತದೆ. 5 ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ತೋರಿಸಬೇಕು, 10 ವರ್ಷ ದಾಟಿದ್ದನ್ನು ಎಷ್ಟೇ ಚಂದ ಇದ್ದರೂ ತೆಗೆಯಬೇಕು ಎನ್ನುತ್ತಾರೆ ತಯಾರಿಸಿದವರೇ. ಸೆಕೆಂಡ್ ಹ್ಯಾಂಡ್ ಟಯರ್ ಕೊಳ್ಳುವಾಗಲೂ ಮೊದಲು ಆ ಅಂಕೆ ನೋಡಿ. ಅಂಕೆ ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ.

ಗಾಳಿ ಬಗ್ಗೆ ಒಂದೇ ಮಾತು. "35 ಹಾಕಿ" ಎಂದು ಎಲ್ಲಾ ಗಾಡಿಗೂ ಹೇಳಬೇಡಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಇರುತ್ತದೆ, ಹೆಚ್ಚಿನ ಕಾರುಗಳಲ್ಲಿ ಪೂರ್ತಿ ಜನ, ಸಾಮಾನು ಇದ್ದಾಗ ಹಿಂದಿನ ಟಯರಿಗೆ ಎಷ್ಟು ಎಂದು ಬೇರೆಯೇ ಬರೆದಿರುತ್ತದೆ. ಜಾಸ್ತಿ ಗಾಳಿಯಾದರೆ ಅಂಗೈಯಷ್ಟು ಜಾಗವೂ ನೆಲಕ್ಕೆ ತಾಗುವುದಿಲ್ಲ, ಕಡಿಮೆಯಾದರೆ ಬದಿ ಬಗ್ಗಿ ಬಿಸಿಯಾಗಿ ಸಿಡಿಯುತ್ತದೆ.

ಫ್ಯಾಕ್ಟರಿ ಕೆಲಸಕ್ಕೆ ಬಂದ ನಮ್ಮ ಹುಡುಗರು ಇಲ್ಲಿ ಬೇಕಾದಷ್ಟು ಇದ್ದಾರೆ, ಎಲ್ಲರ ಹತ್ತಿರವೂ ಬೈಕೋ ಸ್ಕೂಟರೋ ಇದೆ. ಪೆಟ್ರೋಲ್ ಸ್ಕೂಟರಿನಲ್ಲಿ ಕೈ ತಿರುಗಿಸಿದರೆ ಬಲ ಬರಲು ಸ್ವಲ್ಪ ಹೊತ್ತು ಬೇಕು. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ನಿಂತಲ್ಲಿಂದಲೇ ಪೂರ್ತಿ ಬಲ. ಒದ್ದೆ ಝೀಬ್ರಾ ಬಣ್ಣದ ಮೇಲೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಒಮ್ಮೆಲೇ ತಿರುಗಿಸಿದರೆ ಹಿಂದಿನ ಚಕ್ರ ಬದಿಗೆ ಹಾರುತ್ತದೆ. 2025ರಲ್ಲಿ ಏಥರ್ ತನ್ನ 450 ಸ್ಕೂಟರ್‌ಗಳಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಕೊಟ್ಟಿತು. 2023ರಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಆರ್ 310ರಲ್ಲೂ ಇದೆ. ಹಿಂದಿನ ಚಕ್ರ ಮುಂದಿನದ್ದಕ್ಕಿಂತ ವೇಗವಾಗಿ ಸುತ್ತುತ್ತಿದೆ ಎಂದು ಕಂಡರೆ ಅದು ಬಲವನ್ನು ತಾನೇ ಕಡಿಮೆ ಮಾಡುತ್ತದೆ. ಒಳ್ಳೆಯದೇ. ಆದರೆ ಅದು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಪೋಲು ಮಾಡದೆ ಇಡುತ್ತದೆ. ಬೋಳು ಟಯರಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ, ಹರಿದ ಚೀಲಕ್ಕೆ ಗಟ್ಟಿ ಬೀಗ ಹಾಕಿದ ಹಾಗೆ. ಬೈಕಿನ ಹಿಂದಿನ ಟಯರ್ ಹೆದ್ದಾರಿಯಲ್ಲಿ ನೇರ ಓಡಿ ಓಡಿ ನಡುವೆ ಚಪ್ಪಟೆಯಾಗುತ್ತದೆ, ತಿರುವಿನಲ್ಲಿ ವಾಲಿಸುವಾಗ ಆ ಅಂಚಿನಲ್ಲಿ ಹಿಡಿತ ತಪ್ಪುತ್ತದೆ. ಟಯರ್ ಸುತ್ತಿಸಿ ಹೊಗೆ ಎಬ್ಬಿಸಿ ವಿಡಿಯೋ ಮಾಡುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ, ಅವರ ಉಮ್ಮ "ಮೋನೆ, ಮೆಲ್ಲೆ ಪೋ" ಎಂದು ಹೇಳಿಯೇ ಕಳಿಸಿರುತ್ತಾರೆ.

ಈಗ ನನಗೆ ಹೆಚ್ಚು ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಪಿಕಪ್ ಓಡಿಸುವ ಹುಡುಗನಿಗೆ ಹಿಂದಿನ ಟಯರ್ ಮುಗಿದದ್ದು ಗೊತ್ತಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತು. ಫೋನ್ ಮಾಡಿ ಧಣಿಗೆ ಹೇಳುತ್ತಾನೆ. "ಇನ್ನೊಂದು ಟ್ರಿಪ್ ಹೋಗಲಿ, ನೋಡುವ" ಎನ್ನುತ್ತಾರೆ ಧಣಿ. ಟಯರಿಗೆ ದುಡ್ಡು ಕೊಡುವವರು ಮನೆಯಲ್ಲಿ, ಟಯರ್ ಮೇಲೆ ಕುಳಿತವನು ಶಿರಾಡಿಯಲ್ಲಿ. ಅವಘಡ ಆದರೆ 'ಡ್ರೈವರ್ ನಿದ್ದೆ ಮಾಡಿದ' ಎಂದು ಊರೆಲ್ಲಾ ಹೇಳುತ್ತದೆ, ಟಯರ್ ಯಾರೂ ನೋಡುವುದಿಲ್ಲ. ಧಣಿಯೂ ನಮ್ಮವರೇ, ಡ್ರೈವರೂ ನಮ್ಮವನೇ. ಎಷ್ಟೋ ಸಲ ಸಂಬಂಧಿಕರೇ. ಆ ಸಂಕೋಚದಲ್ಲಿಯೇ ಹುಡುಗ ಎರಡನೇ ಸಲ ಕೇಳುವುದಿಲ್ಲ. ನನ್ನ ಪ್ರಕಾರ ಟಯರ್ ವಿಷಯದಲ್ಲಿ ಕೊನೆಯ ಮಾತು ಓಡಿಸುವವನದ್ದು ಆಗಬೇಕು. ಪಟ್ಟಿ ಸಮಕ್ಕೆ ಬಂದ ಟಯರಿನಲ್ಲಿ ಘಾಟಿ ಇಳಿಯುವುದಿಲ್ಲ ಎಂದು ಅವನು ಹೇಳಿದರೆ ಆ ದಿನದ ಬಾಡಿಗೆ ಹೋದರೂ ಅವನ ಕೆಲಸ ಹೋಗಬಾರದು. ಧಣಿಗಳಿಗೆ ಕಷ್ಟ ಇಲ್ಲ ಎಂದು ನಾನು ಹೇಳುವುದಿಲ್ಲ: ಡೀಸೆಲ್, ಟೋಲ್, ಇನ್ಶೂರೆನ್ಸ್, ಸಾಲದ ಕಂತು ಎಲ್ಲಾ ನನಗೂ ಗೊತ್ತು, ನನ್ನ ಅಂಗಡಿಯ ಸಾಲದ ಪುಸ್ತಕದಲ್ಲಿ ಅವರ ಹೆಸರೇ ಹೆಚ್ಚು. ಆದರೂ ಕಿ.ಮೀ.ಗೆ ಇಂತಿಷ್ಟು ಎಂದು ಟಯರಿಗೆ ಪ್ರತಿ ಟ್ರಿಪ್ಪಿನಲ್ಲಿ ಬೇರೆ ತೆಗೆದಿಟ್ಟರೆ ಒಮ್ಮೆಲೇ ಹೊರೆ ಬೀಳುವುದಿಲ್ಲ. ಡೀಸೆಲ್ಲಿಗೆ ಹಾಗೆ ಲೆಕ್ಕ ಹಾಕುತ್ತೇವಲ್ಲ, ಟಯರಿಗೆ ಯಾಕಿಲ್ಲ? ರಿಸೋಲ್ ಹಾಕುವುದಾದರೆ ಹಾಕಿ, ಒಳ್ಳೆಯ ಕಡೆ ಮಾಡಿಸಿದ ರಿಸೋಲ್ ಕೆಟ್ಟದ್ದಲ್ಲ. ಆದರೆ ಜೋಡಿಯಲ್ಲಿ ಒಂದು ದೊಡ್ಡದು ಒಂದು ಸಣ್ಣದು ಹಾಕಬೇಡಿ, ದೊಡ್ಡದು ಎಲ್ಲಾ ಭಾರ ಹೊತ್ತು ಸಿಡಿಯುತ್ತದೆ, ಸಣ್ಣದು ಉಜ್ಜಿಕೊಂಡು ಸವೆಯುತ್ತದೆ.

ನಮ್ಮ ಜಮಾತ್‌ಗಳು, ಯುವಕರ ಸಂಘಟನೆಗಳು ರಕ್ತದಾನ ಶಿಬಿರ ಮಾಡುವುದರಲ್ಲಿ ಹೆಸರು ಪಡೆದಿವೆ. ಅಪಘಾತ ಆದ ಮೇಲೆ ಮಧ್ಯರಾತ್ರಿ ಆಸ್ಪತ್ರೆಗೆ ಓಡಿ ರಕ್ತ ಕೊಡುವ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಅಂಗಳದಲ್ಲಿ ಮೇ ಕೊನೆಯಲ್ಲಿ ಒಂದು ಜುಮಾ ದಿನ, ಇಲ್ಲಿ ಹೊಸೂರು ಕಡೆಯಾದರೆ ಆಗಸ್ಟ್‌ನಲ್ಲಿ, ಟಯರ್ ನೋಡುವ ಕೆಲಸ ಇಟ್ಟುಕೊಳ್ಳಿ. ಗೆರೆಯ ಆಳ ಅಳೆಯುವ ಸಣ್ಣ ಗೇಜ್ ಒಂದು, ಗಾಳಿ ನೋಡುವ ಗೇಜ್ ಒಂದು, ಟಾರ್ಚ್ ಒಂದು ಸಾಕು. ನಿಲ್ಲಿಸಿದ ಪ್ರತಿ ಗಾಡಿಯ ಹಿಂದಿನ ಎರಡು ಟಯರ್ ನೋಡಿ, ತಯಾರಾದ ವಾರ, ಗೆರೆಯ ಆಳ, ಗಾಳಿ ಮೂರನ್ನು ಒಂದು ಚೀಟಿಯಲ್ಲಿ ಬರೆದು ಗ್ಲಾಸಿಗೆ ಸಿಕ್ಕಿಸಿ. ಮನೆಗೆ ಹೋದ ಮೇಲೆ ಆ ಚೀಟಿ ಮನೆಯ ಹೆಂಗಸರ ಕೈಗೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಅವರ ಮುಂದೆ 'ಇನ್ನೊಂದು ಟ್ರಿಪ್ ಹೋಗಲಿ' ಎನ್ನುವುದು ಅಷ್ಟು ಸುಲಭ ಅಲ್ಲ.

ಕಾರಿನಲ್ಲಿ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಲು ಒಂದು ರೂಪಾಯಿಯೂ ಹೆಚ್ಚು ಬೇಡ. ಅದೇ ಎರಡು ಟಯರ್, ಅದೇ ಬೋಲ್ಟುಗಳು, ಹುಡುಗನಿಗೆ ಹದಿನೈದು ನಿಮಿಷದ ಕೆಲಸ. ಅಂಗಡಿಯವನು ಕೇಳದೆ ಮುಂದಕ್ಕೆ ಹಾಕಿದರೆ ತೆಗೆದು ಹಿಂದಕ್ಕೆ ಹಾಕಿ ಎನ್ನಿ. ನನ್ನ ಅಂಗಡಿಯಲ್ಲಾದರೆ ಹೇಳಬೇಕಾಗಿಲ್ಲ, ಬೋರ್ಡಿನಲ್ಲಿ ಕನ್ನಡ, ತಮಿಳು ಎರಡರಲ್ಲೂ ಬರೆದಿಟ್ಟಿದ್ದೇನೆ. ಅದನ್ನು ಓದಿ ಒಪ್ಪದೆ ಮುಂದಿನ ಅಂಗಡಿಗೆ ಹೋಗುವವರು ಈಗಲೂ ತಿಂಗಳಿಗೆ ಇಬ್ಬರು ಮೂವರು ಇದ್ದಾರೆ.